ರಜೆ ಸಿಗುವವರೆಗೆ ಮಗುವಿನ ಕಣ್ಣು ಕಾಯುವುದಿಲ್ಲ

ಸಲ್ಮಾನಿಯಾ ಆಸ್ಪತ್ರೆಯ ಹಿಂದಿನ ಗಲ್ಲಿಯ ಒಂದು ರೂಮಿನಲ್ಲಿ ನಾವು ಐದು ಜನ ಇದ್ದೇವೆ. ಬೈಂದೂರಿನವರು ಒಬ್ಬರು, ಪುತ್ತೂರಿನವರು ಒಬ್ಬರು, ಬಾಗಲಕೋಟೆ ಕಡೆಯವರು ಒಬ್ಬರು, ಕಾಸರಗೋಡಿನವರು ಇಬ್ಬರು. ಶುಕ್ರವಾರ ಊಟ ಆದ ಮೇಲೆ ಊರಿಗೆ ವಿಡಿಯೋ ಕಾಲ್. ಒಬ್ಬರ ಮನೆ ಫೋನಿನಲ್ಲಿ ಬಂತೆಂದರೆ ಐವರೂ ಇಣುಕುತ್ತೇವೆ. ಯಾರ ಮಗುವಿನ ಯಾವ ಹಲ್ಲು ಬಿತ್ತು, ಯಾರ ದನ ಕರು ಹಾಕಿತು, ಎಲ್ಲರಿಗೂ ಗೊತ್ತು.

ಕಳೆದ ವರ್ಷ ಹಾಗೆ ಇಣುಕುವಾಗಲೇ ಬೈಂದೂರಿನವರ ಮಗಳ ಕಣ್ಣು ನಮ್ಮ ಲಕ್ಷ್ಯಕ್ಕೆ ಬಂದದ್ದು. ನಾಲ್ಕೂವರೆ ವರ್ಷದ ಹುಡುಗಿ. ಫೋನನ್ನು ಹತ್ತಿರ ಹಿಡಿದು ಮಾತಾಡುವಾಗ ಎಡಗಣ್ಣು ಮೆಲ್ಲಗೆ ಮೂಗಿನ ಕಡೆಗೆ ಜಾರುತ್ತಿತ್ತು. ಕೇಳಿದ್ದಕ್ಕೆ ಅಜ್ಜಿ ಹಿಂದಿನಿಂದ, "ಸ್ವಲ್ಪ ಮೆಳ್ಳೆಗಣ್ಣು, ಅದು ಅದೃಷ್ಟ ಅಲ್ದಾ" ಎಂದರು. ಅಪ್ಪನದ್ದೂ ಅದೇ ಧಾಟಿ. "ಓಡಾಡ್ತಾಳೆ, ಟಿವಿ ನೋಡ್ತಾಳೆ, ಕಾಣ್ತದೆ ಅವಳಿಗೆ. ಮುಂದಿನ ವರ್ಷ ರಜೆಗೆ ಹೋದಾಗ ತೋರಿಸುವ." ರಜೆಗೆ ಇನ್ನೂ ಹದಿನಾಲ್ಕು ತಿಂಗಳಿತ್ತು.

ಸಾಮಾನ್ಯಕ್ಕೆ ಬಾಯಿ ಬಿಡದ ಪುತ್ತೂರಿನವರು ಅವತ್ತು ಸಿಟ್ಟು ಮಾಡಿಕೊಂಡರು. "ರಜೆ ಗಿಜೆ ಎಲ್ಲ ಬಿಡು ಮಾರಾಯ. ನಾಳೆಯೇ ಕರ್ಕೊಂಡು ಹೋಗ್ಲಿಕ್ಕೆ ಹೇಳು."

ಅವರ ಕಥೆ ನಮಗೆ ಅರ್ಧ ಮಾತ್ರ ಗೊತ್ತಿತ್ತು. ಹೆಲ್ಪರ್ ಆಗಿ ಬಂದವರು. ಎರಡು ವರ್ಷ ಕಳೆದ ಮೇಲೆ ಕಂಪನಿಯವರು ಡ್ರೈವರ್ ಮಾಡುತ್ತೇವೆ ಎಂದಿದ್ದರು. ಲೈಸೆನ್ಸಿಗೆಂದು ಕಣ್ಣು ಪರೀಕ್ಷೆಗೆ ಹೋದಾಗ ಬಲಗಣ್ಣು ಮುಚ್ಚಿ ಓದಿ ಎಂದರು. ಎಡಗಣ್ಣಿಗೆ ಮೇಲಿನ ದೊಡ್ಡ ಅಕ್ಷರವೇ ಮಸುಕು! ಇಪ್ಪತ್ತಾರು ವರ್ಷ ಎರಡೂ ಕಣ್ಣು ಸರಿ ಇದೆ ಎಂದೇ ತಿಳಿದಿದ್ದ ಮನುಷ್ಯ. ಸರಿಯಾದ ಪವರಿನ ಗ್ಲಾಸ್ ಇಟ್ಟರೂ ಅಕ್ಷರ ಕೂಡಿ ಬರಲಿಲ್ಲ. ಮಲಯಾಳಿ ಡಾಕ್ಟರ್ ಸಮಾಧಾನದಿಂದ ಬಿಡಿಸಿ ಹೇಳಿದರಂತೆ: ಕಣ್ಣಿನ ಒಳಗೆ ರೋಗ ಇಲ್ಲ. ಸಣ್ಣದಿರುವಾಗಲೇ ಎಡಗಣ್ಣಿಗೆ ಹೆಚ್ಚು ಪವರ್ ಇತ್ತು, ಬಲಗಣ್ಣು ಚೆನ್ನಾಗಿತ್ತು. ಮಸುಕು ಚಿತ್ರವನ್ನು ಮೆದುಳು ಬದಿಗಿಟ್ಟಿತು, ಅದನ್ನು ಓದಲು ಕಲಿಯಲೇ ಇಲ್ಲ. ಐದು ವರ್ಷಕ್ಕೆ ಕನ್ನಡಕ ಹಾಕಿದ್ದರೆ ಕಲಿಯುತ್ತಿತ್ತು. ಇದಕ್ಕೆ ಆಂಬ್ಲಿಯೋಪಿಯಾ ಎನ್ನುತ್ತಾರೆ, ಆಡುಮಾತಿನಲ್ಲಿ ಸೋಮಾರಿ ಕಣ್ಣು. ಹೆಸರು ನಮಗೆ ಹಿಡಿಸಲಿಲ್ಲ. ಆ ಕಣ್ಣು ಸೋಮಾರಿತನ ಮಾಡಿದ್ದಲ್ಲ, ಅದಕ್ಕೆ ಕೆಲಸ ಕೊಡಲಿಲ್ಲ ಅಷ್ಟೆ. ಅವರು ಈಗಲೂ ಹೆಲ್ಪರ್.

ಬಾಗಲಕೋಟೆಯವರು ಸುಲಭಕ್ಕೆ ಒಪ್ಪುವ ಗಿರಾಕಿಯಲ್ಲ. "ಹಂಗ್ಯಾಕ ಅಂತೀರಿ? ನಮ್ಮ ಅಮ್ಮಗ ಎರಡೂ ಕಣ್ಣಿಗೆ ಪೊರಿ ಬಂದು ನಾಕ್ ವರ್ಷ ಏನೂ ಕಾಣತಿರಲಿಲ್ಲ. ಮೋದಿ ಡಾಕ್ಟರ ಕ್ಯಾಂಪಿನ್ಯಾಗ ಪೊರಿ ತಗದ್ರು, ಮರುವಾರ ಅಕ್ಕಿ ಆರಿಸಾಕ ಕುಂತಳು." ಅಮ್ಮ ಎಂದರೆ ಅವರ ಕಡೆ ಅಜ್ಜಿ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಲಕ್ಷಗಟ್ಟಲೆ ಜನರ ಪೊರೆ ತೆಗೆದವರು. ಅವರ ಶಿಬಿರದ ಕಥೆ ಇಲ್ಲದ ಮನೆ ಆ ಕಡೆ ಕಡಿಮೆ.

ಪ್ರಶ್ನೆ ಸರಿಯಾದದ್ದೇ. ಅಜ್ಜಿಗೆ ಬಂದ ನೋಟ ಮಗುವಿಗೆ ಯಾಕೆ ಬರುವುದಿಲ್ಲ? ಅದನ್ನು ಹುಡುಕುತ್ತಾ ಒಂದು ತಿಂಗಳು ನಾವು ಫೋನಿನಲ್ಲಿ ಓದಿದೆವು, ಪರಿಚಯದ ನರ್ಸಮ್ಮನನ್ನು ಕೇಳಿದೆವು. ಅಜ್ಜಿ ಅರುವತ್ತು ವರ್ಷ ಚೆನ್ನಾಗಿ ನೋಡಿದವಳು. ಅವಳ ಮೆದುಳಿಗೆ ನೋಡುವ ವಿದ್ಯೆ ಗೊತ್ತಿತ್ತು, ನಡುವೆ ಪರದೆ ಬಿದ್ದಿತ್ತು, ಪರದೆ ತೆಗೆದರು. ಮಗು ಹುಟ್ಟುವಾಗ ಆ ವಿದ್ಯೆ ಇರುವುದಿಲ್ಲ. ಕಣ್ಣಿಗೆ ಬೀಳುವ ಚಿತ್ರದಿಂದಲೇ ಮೆದುಳಿನ ಆ ಭಾಗ ಕಟ್ಟಿಕೊಳ್ಳುತ್ತದೆ. ಅದಕ್ಕೇ ಹುಟ್ಟುವಾಗಲೇ ದಟ್ಟ ಪೊರೆ ಇದ್ದರೆ ಆರರಿಂದ ಎಂಟು ವಾರದೊಳಗೆ ತೆಗೆಯಬೇಕು ಎನ್ನುತ್ತಾರೆ. "ಪೊರೆ ಬಲಿಯಲಿ, ಆಮೇಲೆ ನೋಡುವ" ಎಂಬ ಹಳೆ ಮಾತು ಇಲ್ಲಿ ನಡೆಯುವುದಿಲ್ಲ.

ಇದನ್ನು ತೋರಿಸಿಕೊಟ್ಟವರು ಹಾರ್ವರ್ಡಿನ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್. 1960ರ ದಶಕದಲ್ಲಿ ಅವರು ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆ ಹೊಲಿದು ಎರಡು ಮೂರು ತಿಂಗಳ ಮೇಲೆ ಬಿಚ್ಚಿದರು. ಓದುವಾಗ ನಮಗೆ ಪಾಪ ಅನಿಸಿತು. ಬಿಚ್ಚಿದ ಮೇಲೆ ಕಣ್ಣು ಚೆನ್ನಾಗಿಯೇ ಇತ್ತು, ಆದರೆ ಮೆದುಳಿನ ಜೀವಕೋಶಗಳಲ್ಲಿ ಹೆಚ್ಚಿನವು ಆ ಕಣ್ಣಿನ ಮಾತಿಗೆ ಓಗೊಡಲಿಲ್ಲ. ಎಲ್ಲವೂ ತೆರೆದಿದ್ದ ಕಣ್ಣಿನ ಕಡೆ ಹೋಗಿದ್ದವು. ದೊಡ್ಡ ಬೆಕ್ಕಿನ ಕಣ್ಣನ್ನು ಅಷ್ಟೇ ಕಾಲ ಮುಚ್ಚಿದರೆ ಏನೂ ಆಗಲಿಲ್ಲ. 1981ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಬಾಗಲಕೋಟೆಯವರಿಗೆ ಇದು ತಲೆಗೆ ಹತ್ತಿದ್ದು ಕಾಸರಗೋಡಿನವರು ಬೆಡ್ ಸ್ಪೇಸ್ ಲೆಕ್ಕದಲ್ಲಿ ಹೇಳಿದಾಗ. ಮೆದುಳಿನಲ್ಲಿ ಎರಡು ಕಣ್ಣಿಗೆ ಎರಡು ಬೆಡ್. ಒಂದು ಕಣ್ಣು ಬರಲೇ ಇಲ್ಲ ಎಂದರೆ ಪಕ್ಕದವನು ಸೂಟ್‌ಕೇಸ್ ಇಡುತ್ತಾನೆ, ಬಟ್ಟೆ ಹರವುತ್ತಾನೆ, ಕೊನೆಗೆ ಕಾಲು ಚಾಚಿ ಮಲಗುತ್ತಾನೆ. ತಡವಾಗಿ ಬಂದವನಿಗೆ ಜಾಗ ಇಲ್ಲ. ಸಣ್ಣ ಪ್ರಾಯದಲ್ಲಾದರೆ ಎಬ್ಬಿಸಬಹುದು. ಸುಮಾರು ಏಳು ವರ್ಷದೊಳಗೆ ಬೇಗ ಎಬ್ಬಿಸಬಹುದು, ಆಮೇಲೆ ಕಷ್ಟ ಹೆಚ್ಚುತ್ತದೆ. ಹಾಗೆಂದು ಏಳು ದಾಟಿದ ಮಕ್ಕಳನ್ನು ಕೈಬಿಡಬೇಕಾಗಿಲ್ಲ. ಹತ್ತು ಹನ್ನೆರಡು ವರ್ಷದ ಎಷ್ಟೋ ಮಕ್ಕಳಿಗೂ ಚಿಕಿತ್ಸೆಯಿಂದ ಸುಧಾರಣೆ ಆದದ್ದಿದೆ. ಎಂಐಟಿಯ ಪವನ್ ಸಿನ್ಹಾ ಅವರ 'ಪ್ರಾಜೆಕ್ಟ್ ಪ್ರಕಾಶ್' ಭಾರತದಲ್ಲಿ ಹುಟ್ಟುಕುರುಡು ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿಸುತ್ತದೆ. ಎಂಟರಿಂದ ಹದಿನೇಳು ವರ್ಷದ ಐವರ ಬಗ್ಗೆ 2011ರಲ್ಲಿ ಅವರು ಬರೆದರು. ಪಟ್ಟಿ ಬಿಚ್ಚಿದ ಹೊಸತರಲ್ಲಿ, ಕೈಯಲ್ಲಿ ಮುಟ್ಟಿ ತಿಳಿದ ವಸ್ತು ಯಾವುದೆಂದು ಆ ಮಕ್ಕಳಿಗೆ ಕಣ್ಣಿನಿಂದ ಗುರುತಿಸಲು ಆಗಲಿಲ್ಲ. ಕೆಲವೇ ದಿನಗಳಲ್ಲಿ ಅದು ಕಲಿತುಹೋಯಿತು. ಆದರೆ ಇಷ್ಟು ತಡವಾಗಿ ತೆರೆದ ಕಣ್ಣಿಗೆ ಸಣ್ಣ ಅಕ್ಷರ ಓದುವಷ್ಟು ತೀಕ್ಷ್ಣ ನೋಟ ಬರುವುದು ಅಪರೂಪ.

ಬೈಂದೂರಿನವರು ಆ ರಾತ್ರಿ ನಿದ್ದೆ ಮಾಡಲಿಲ್ಲ. ಶನಿವಾರ ಡ್ಯೂಟಿಗೆ ಹೊರಡುವ ಮೊದಲೇ ಹೆಂಡತಿಗೆ ಫೋನ್. ಸೋಮವಾರ ತಾಯಿ ಮಗಳು ಬಸ್ ಹತ್ತಿ ಮಣಿಪಾಲಕ್ಕೆ ಹೋದರು. ಕಣ್ಣಿಗೆ ಹನಿ ಹಾಕಿ, ಕೂರಿಸಿ, ನೋಡಿದರು. ಎರಡೂ ಕಣ್ಣಿಗೆ ಪ್ಲಸ್ ಪವರ್, ಎಡಕ್ಕೆ ಹೆಚ್ಚು. ಹತ್ತಿರದ್ದನ್ನು ನೋಡಲು ಒತ್ತಾಯ ಮಾಡುವಾಗ ಕಣ್ಣು ಒಳಕ್ಕೆ ತಿರುಗುತ್ತದೆ, ಎರಡೆರಡು ಕಾಣಬಾರದೆಂದು ಮೆದುಳು ಎಡಗಣ್ಣಿನ ಚಿತ್ರವನ್ನು ಅಳಿಸುತ್ತದೆ. ಕನ್ನಡಕ ಬಂತು. ಜೊತೆಗೆ ಬಲಗಣ್ಣಿಗೆ, ಹೌದು, ಚೆನ್ನಾಗಿರುವ ಕಣ್ಣಿಗೇ, ದಿನಕ್ಕೆ ಎರಡು ಗಂಟೆ ಪಟ್ಟಿ.

ಮನೆಯಲ್ಲಿ ದೊಡ್ಡ ಗಲಾಟೆ. ಹೆಣ್ಣು ಮಗುವಿಗೆ ಈಗಲೇ ಕನ್ನಡಕ ಹಾಕಿದರೆ ನಾಳೆ ಮದುವೆಗೆ ಏನು ಹೇಳುವುದು ಎಂದು ಅಜ್ಜಿ. ಒಳ್ಳೆ ಕಣ್ಣು ಮುಚ್ಚಿ ಹಾಳು ಕಣ್ಣಲ್ಲಿ ನೋಡು ಎನ್ನುವುದು ಯಾವ ನ್ಯಾಯ ಎಂದು ದೊಡ್ಡಪ್ಪ. ಮಗುವಂತೂ ಮೊದಲ ವಾರ ಪಟ್ಟಿ ಕಿತ್ತೆಸೆದು ಅತ್ತಿತು. ಎಡಗಣ್ಣಲ್ಲಿ ಅದಕ್ಕೆ ನಿಜಕ್ಕೂ ಕಾಣುತ್ತಿರಲಿಲ್ಲ, ಅಳದೆ ಏನು ಮಾಡೀತು? ಪಟ್ಟಿಯ ಎರಡು ಗಂಟೆಯನ್ನು ನಾವು ಐವರು ಪಾಳಿ ಹಾಕಿಕೊಂಡೆವು. ಯಾರಿಗೆ ಡ್ಯೂಟಿ ಇಲ್ಲವೋ ಅವರು ಕಾಲ್ ಮಾಡಬೇಕು, ಚಿತ್ರ ಬರೆಸಬೇಕು, ಅಕ್ಕಿ ಬೇಳೆ ಬೇರೆ ಮಾಡಿಸಬೇಕು. ಬಾಗಲಕೋಟೆಯವರ ಪಾಳಿಯಲ್ಲೇ ಹೆಚ್ಚು ನಗು.

ನಾವು ಡಾಕ್ಟರಲ್ಲ. ಆದರೂ ಮಕ್ಕಳನ್ನು ಹೆಚ್ಚಾಗಿ ಫೋಟೋದಲ್ಲೇ ನೋಡುವವರು ನಾವು, ಸ್ವಲ್ಪ ಲಕ್ಷ್ಯ ಇಟ್ಟು ನೋಡುವ. ಫ್ಲ್ಯಾಶ್ ಹಾಕಿದ ಫೋಟೋದಲ್ಲಿ ಒಂದು ಕಣ್ಣಿನ ಪಾಪೆ ಬೆಳ್ಳಗೆ ಹೊಳೆದರೆ ಅದು ಪೊರೆ ಇರಬಹುದು, ಕಣ್ಣಿನ ಗಡ್ಡೆಯೂ ಇರಬಹುದು. ಆ ವಾರವೇ ತೋರಿಸಬೇಕು. ಮೊದಲ ಮೂರು ನಾಲ್ಕು ತಿಂಗಳು ಶಿಶುವಿನ ಕಣ್ಣು ಆಗಾಗ ತಪ್ಪುವುದುಂಟು, ಆಮೇಲೂ ತಪ್ಪುತ್ತಿದ್ದರೆ ಸುಮ್ಮನಿರಬಾರದು. ಒಂದು ಕಣ್ಣು ಮುಚ್ಚಿದಾಗ ಸುಮ್ಮನಿರುವ ಮಗು ಇನ್ನೊಂದು ಮುಚ್ಚಿದರೆ ಕೈ ತಳ್ಳಿ ಅಳುತ್ತದೆಯಾ ಎಂದು ಮನೆಯವರು ನೋಡಲಿ. ಪುತ್ತೂರಿನವರ ಹಾಗೆ ಹೊರಗೆ ಏನೂ ಕಾಣದೆಯೂ ಇರುತ್ತದೆ, ಹಾಗಾಗಿ ಶಾಲೆಗೆ ಸೇರಿಸುವ ಮೊದಲು ಒಮ್ಮೆ ಪರೀಕ್ಷೆ ಮಾಡಿಸುವುದೇ ಸರಿ. ಅಂಗನವಾಡಿ, ಸರಕಾರಿ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಕಣ್ಣನ್ನೂ ನೋಡುತ್ತದೆ, ಅಲ್ಲಿಂದ ಕಳಿಸಿದರೆ ಚಿಕಿತ್ಸೆ ಉಚಿತ. 2013ರಿಂದ ಇದೆ, ನಮ್ಮ ಮನೆಯವರಿಗೆ ಹೇಳುವವರಿಲ್ಲ.

ಮೂರು ತಿಂಗಳ ತಪಾಸಣೆಯಲ್ಲಿ ಎಡಗಣ್ಣು ಎರಡು ಸಾಲು ಹೆಚ್ಚು ಓದಿತು. ಪಟ್ಟಿ ಇನ್ನೂ ನಡೆಯುತ್ತಿದೆ, ಎಷ್ಟು ಬರುತ್ತದೆ ಎಂದು ಡಾಕ್ಟರ್ ಮಾತು ಕೊಟ್ಟಿಲ್ಲ. ಹೋದ ಶುಕ್ರವಾರ ಬಲಗಣ್ಣಿಗೆ ಪಟ್ಟಿ ಹಾಕಿಕೊಂಡೇ ಮಾತಾಡುತ್ತಿದ್ದಳು. ನಡುವೆ ಮಾತು ನಿಲ್ಲಿಸಿ, ಫೋನನ್ನು ಸ್ವಲ್ಪ ದೂರ ಹಿಡಿದು ಕೇಳಿದಳು: "ಅಪ್ಪಾ, ಹಿಂದೆ ಹಗ್ಗದಲ್ಲಿ ನೇತಾಡುವ ಆ ಹರಿದ ಬನಿಯನ್ ಯಾರದ್ದು?"

ಪುತ್ತೂರಿನವರು ಎದ್ದು ಹೋಗಿ ಅದನ್ನು ತೆಗೆದರು.