ವರುಣನ ಮೇಲೊಂದು ಎಫ್‌ಐಆರ್

ಹಲಸೂರಿನ ಟೀ ಅಂಗಡಿಯೊಂದರಲ್ಲಿ ಮಳೆಗೆ ಸಿಕ್ಕಿಕೊಂಡಿದ್ದೆ. ಗೋಡೆಯ ಟಿ.ವಿ.ಯಲ್ಲಿ ಕೆಂಪು ಪಟ್ಟಿ ಓಡುತ್ತಿತ್ತು: ‘ವರುಣನ ಆರ್ಭಟ’. ಹಾಲು ಉಕ್ಕದಂತೆ ಸೌಟಾಡಿಸುತ್ತಿದ್ದ ಅಂಗಡಿಯವರು ತಲೆಯೆತ್ತಿ, “ಹಂಗಾದ್ರೆ ಎಫ್‌ಐಆರ್ ಅವನ ಮೇಲೇ ಹಾಕ್ಬೇಕು ಬಿಡಿ ಸಾರ್” ಅಂದರು. ನಕ್ಕೆ. ಆಮೇಲೆ ಯೋಚನೆ ಹತ್ತಿತು. ಮನೆಗೆ ನೀರು ನುಗ್ಗಿದ್ದಕ್ಕೆ ದೇವರೇ ಆರೋಪಿಯಾದರೆ, ಕಾಲುವೆಯ ಮೇಲೆ ಗೋಡೆ ಎತ್ತಿದವರು ಸಾಕ್ಷಿಗಳ ಸಾಲಿನಲ್ಲಿ ಆರಾಮಾಗಿ ಕೂರಬಹುದಲ್ಲ!

ಮಾತಿನ ಈ ಕೈಚಳಕ ನೋಡಲು ಹಲಸೂರು ಸೇರಿದ ಬೆಂಗಳೂರಿನ ದಂಡು ಪ್ರದೇಶದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಇಲ್ಲಿನ ತಮಿಳರು ‘ಏರಿ’ ಅಂದರೆ ಅದು ಕೆರೆ. ನಾವು ‘ಏರಿ’ ಅಂದರೆ ಕೆರೆಯ ಕಟ್ಟೆ. ಶಿವಾಜಿನಗರದ ಉರ್ದುವಿಗೆ ಅದು ತಾಲಾಬ್. ದಂಡಿನ ಬ್ರಿಟಿಷ್ ದೊರೆಗಳಿಗೆ ‘ಟ್ಯಾಂಕ್’. ಈಗ ಟ್ಯಾಂಕ್ ಎಂದರೆ ತಾರಸಿಯ ಮೇಲಿನ ಕಪ್ಪು ಡ್ರಮ್ಮು. ಕೆರೆ ‘ಲೇಕ್’ ಆಗಿದೆ. ಕೆರೆ ಅಂದಮೇಲೆ ಏರಿ, ತೂಬು, ಕೋಡಿ, ಅಚ್ಚುಕಟ್ಟು, ಕಾಯಲೊಬ್ಬ ನೀರುಗಂಟಿ ಬೇಕು. ಲೇಕಿಗೆ ‘ವ್ಯೂ’ ಒಂದಿದ್ದರೆ ಸಾಕು, ಫ್ಲ್ಯಾಟು ಬಿಕರಿ.

ಹಳ್ಳಿಯಲ್ಲಿ ಕೆರೆ ಕೋಡಿ ಬಿತ್ತೆಂದರೆ ಬಾಗಿನ, ಸಂಭ್ರಮ. ನಗರದ ಚಾನೆಲ್ಲಿನಲ್ಲಿ ಕೋಡಿ ಬಿತ್ತೆಂದರೆ ‘ಅವಾಂತರ’. ರಾಜಕಾಲುವೆಯೂ ಅಷ್ಟೇ, ಪತ್ರಿಕೆಯಲ್ಲಿ ಮಾತ್ರ ರಾಜ, ಗಲ್ಲಿಯಲ್ಲಿ ಮೋರಿ. ಒಮ್ಮೆ ಮೋರಿ ಎಂದು ಕರೆದಮೇಲೆ ಒಡೆದ ಮನೆಯ ಇಟ್ಟಿಗೆಚೂರು ಸುರಿಯಲು ಯಾರ ಕೈಯೂ ಅಳುಕುವುದಿಲ್ಲ.

2016ರ ಮಾರ್ಚ್‌ನಲ್ಲಿ ಇದೇ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಇಂಥದ್ದಕ್ಕೆ ನಮ್ಮಲ್ಲಿ ಸಿದ್ಧವಾಗಿರುವ ಪದ ‘ಮಾರಣಹೋಮ’. ಹೋಮವೇನೋ ಸರಿ, ಪುರೋಹಿತರು ಯಾರು? ಕೊಳಚೆ ನೀರು ಸೇರಿ ನೀರಿನ ಆಮ್ಲಜನಕ ಕುಸಿದಿತ್ತು ಎಂಬ ಒಣ ಸಂಗತಿಗೆ ಆ ಪದದ ಅಬ್ಬರವಿಲ್ಲ.

ಹಲಸೂರಿನ ಹೆಚ್ಚುವರಿ ನೀರು ಚಲ್ಲಘಟ್ಟ ಕಣಿವೆ ಹಿಡಿದು ಇಳಿಯುವುದು ಬೆಳ್ಳಂದೂರು ಕೆರೆಗೆ. ಅಲ್ಲಿ ಸೋಪಿನ ನೊರೆ ರಸ್ತೆಗೆ ಹಾರಿದಾಗ ‘ಬೆಂಗಳೂರಿನಲ್ಲಿ ಹಿಮ’ ಎಂದು ಸೆಲ್ಫಿ ತೆಗೆದುಕೊಂಡವರಿದ್ದರು. 2017ರ ಫೆಬ್ರವರಿಯಲ್ಲಿ ಕೆರೆಗೇ ಬೆಂಕಿ ಬಿತ್ತು. 2018ರ ಜನವರಿಯಲ್ಲಿ ಮತ್ತೆ ಹೊತ್ತಿ, ಆರಿಸಲು ಸೈನಿಕರೂ ಇಳಿಯಬೇಕಾಯಿತು.

ಮಾಧ್ಯಮವನ್ನು ಬರೀ ಬಯ್ಯುತ್ತ ಕೂತರೆ ಅನ್ಯಾಯವಾದೀತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ಸ್ವಯಂಪ್ರೇರಿತವಾಗಿ ಬೆಳ್ಳಂದೂರಿನ ಪ್ರಕರಣ ಕೈಗೆತ್ತಿಕೊಂಡದ್ದು ಮಾಧ್ಯಮದ ವರದಿಗಳನ್ನು ನೋಡಿಯೇ. ಕೊಳಚೆ ಅದಕ್ಕೂ ಮುಂಚೆ ವರ್ಷಗಟ್ಟಲೆ ಸದ್ದಿಲ್ಲದೆ ಹರಿದಿತ್ತು. ಸದ್ದಿಲ್ಲದ್ದು ಸುದ್ದಿಯಾಗಲು ಬೆಂಕಿಯೇ ಬೇಕಾಯಿತು.

ನನ್ನ ತಕರಾರು ವ್ಯಾಕರಣದ್ದು. ನೊರೆ ಉಕ್ಕಿತು, ಕೆರೆ ಉರಿಯಿತು, ಮೀನು ಸತ್ತವು, ರಸ್ತೆ ಮುಳುಗಿತು. ಎಲ್ಲವೂ ಅಕರ್ಮಕ, ಅಂದರೆ ಯಾರ ಕರ್ಮವೂ ಅಲ್ಲ! ಕೊಳಚೆ ಬಿಟ್ಟರು, ಒತ್ತುವರಿ ಮಾಡಿದರು, ಅನುಮತಿ ಕೊಟ್ಟರು ಎಂದು ಬರೆದುನೋಡಿ. ‘ಯಾರು?’ ಎಂಬ ಪ್ರಶ್ನೆ ತಾನಾಗಿ ಎದ್ದು ನಿಲ್ಲುತ್ತದೆ.

ಮುಂದಿನ ಮಳೆಗೆ ವರುಣ ಮತ್ತೆ ‘ಆರ್ಭಟಿಸು’ತ್ತಾನೆ. ಆಗ ಟಿ.ವಿ. ಮುಂದೆ ಕೂತ ನೀವು ಒಂದೇ ಒಂದು ಮಾತು ಕೇಳಿ: ಈ ನೀರು ಹೋಗಬೇಕಿದ್ದ ಕಾಲುವೆ ಎಲ್ಲಿ, ಸ್ವಾಮಿ?