ಆರಿಸುವ ಹೊತ್ತು

ಕನ್ನಡದಲ್ಲಿ ‘ಆರಿಸು’ ಎಂದರೆ ಆಯ್ದುಕೊಳ್ಳು ಎಂದೂ ಆಗುತ್ತದೆ, ನಂದಿಸು ಎಂದೂ ಆಗುತ್ತದೆ. ರಾತ್ರಿ ಕೆಲಸ ಮುಗಿಸಿ ಕಂಪ್ಯೂಟರಿನ ಮುಂದೆ ಆಕಳಿಸುವಾಗ ಎರಡೂ ಅರ್ಥ ಒಟ್ಟಿಗೇ ಎದುರಾಗುತ್ತವೆ. ಸ್ಲೀಪೋ, ಹೈಬರ್ನೇಟೋ, ಶಟ್ ಡೌನೋ? ಹೇಗೆ ಆರಿಸುವುದೆಂದು ಮೊದಲು ಆರಿಸಬೇಕು.

ಅಪ್ಪನಿಗೆ ಈ ಗೊಂದಲವಿರಲಿಲ್ಲ. ಸೊಸೈಟಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಅಂದಿನ ಲೆಕ್ಕ ಅಂದೇ ಮುಗಿಯಬೇಕು. ಹಿತ್ತಿಲ ಬಾಗಿಲಿನ ಚಿಲಕ, ಗ್ಯಾಸಿನ ರೆಗ್ಯುಲೇಟರು, ಪಂಪಿನ ಸ್ವಿಚ್ಚು, ಒಂದೊಂದನ್ನೂ ಮುಟ್ಟಿ ನೋಡಿಯೇ ಮಲಗುವರು. ಇಸ್ಪೀಟೆಲೆ ನಮ್ಮ ಮನೆಯ ಹೊಸ್ತಿಲು ದಾಟಿದ್ದಿಲ್ಲ, ಅಷ್ಟು ಶಿಸ್ತು. ಮನೆಗೆ ಬಂದ ಮೊದಲ ಕಂಪ್ಯೂಟರ್ ವಿಂಡೋಸ್ 98ರದ್ದು. ನಿಲ್ಲಿಸಬೇಕಾದರೂ ‘ಸ್ಟಾರ್ಟ್’ ಒತ್ತಬೇಕೆನ್ನುವುದು ಅವರಿಗೆ ಕೊನೆಯವರೆಗೂ ಸರಿಬರಲಿಲ್ಲ. ಒತ್ತಿ, ಕೈಕಟ್ಟಿ ಕಾಯುವರು. ಇನ್ನು ಆರಿಸಲು ಅಡ್ಡಿಯಿಲ್ಲ ಎಂಬ ಕಿತ್ತಳೆ ಬಣ್ಣದ ಇಂಗ್ಲಿಷ್ ಅಕ್ಷರಗಳು ಕಪ್ಪು ಪರದೆಯ ಮೇಲೆ ಮೂಡಬೇಕು. ಕಂಡಕ್ಟರ್ ‘ರೈಟ್’ ಅಂದಂತೆ ತಲೆಯಾಡಿಸಿ, ಸ್ವಿಚ್ಚು ತೆಗೆದು, ಅಮ್ಮನ ಹಳೆ ಸೀರೆಯಲ್ಲಿ ಹೊಲಿಸಿದ ಮುಸುಕು ಹೊದಿಸುವರು.

ಅಮ್ಮನದು ಸ್ಲೀಪ್ ಜಾತಿ. ಪರದೆ, ಡಿಸ್ಕು ಎಲ್ಲ ಮಲಗಿದರೂ ರ‍್ಯಾಮ್ ಮಾತ್ರ ತೊಟ್ಟು ತೊಟ್ಟು ಕರೆಂಟು ಕುಡಿಯುತ್ತ ಎಲ್ಲವನ್ನೂ ನೆನಪಿಟ್ಟುಕೊಂಡಿರುತ್ತದಲ್ಲ, ಹಾಗೆ. ಧಾರಾವಾಹಿಯ ಮುಂದೆ ತೂಕಡಿಸುತ್ತಿರುವಾಗ ಟೀವಿ ಆರಿಸಿದರೆ ಸಾಕು, “ನೋಡ್ತಾ ಇದ್ದೆ ಕಣೋ!” ದಣಪೆ ಸರಿದ ಸದ್ದಾದರೆ, ಹಾಲು ಉಕ್ಕಿದರೆ, ನಾನು ಹನ್ನೊಂದಕ್ಕೆ ಕಳ್ಳಹೆಜ್ಜೆಯಲ್ಲಿ ಬಂದರೆ ಥಟ್ಟನೆ ಎಚ್ಚರ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಕಂಪ್ಯೂಟರಿಗೆ ಈ ಕೋಳಿನಿದ್ದೆ ಆಗಿಬರುವುದಿಲ್ಲ. ಕರೆಂಟು ಹೋಗುತ್ತದೆ, ಯುಪಿಎಸ್ ಸ್ವಲ್ಪ ಹೊತ್ತು ಕೀಂಕೀಂ ಎಂದು ಅತ್ತು ಸುಮ್ಮನಾಗುತ್ತದೆ, ರ‍್ಯಾಮಿನಲ್ಲಿದ್ದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಅದಕ್ಕೇ ಎಕ್ಸ್‌ಪಿ ಬಂದಾಗ ಅಪ್ಪನಿಗೆ ಹೈಬರ್ನೇಟ್ ಕಲಿಸಿದೆ. ನೆನಪಿನಲ್ಲಿರುವುದನ್ನೆಲ್ಲ ಹಾರ್ಡ್ ಡಿಸ್ಕಿಗೆ ಬರೆದಿಟ್ಟು ಪೂರ್ತಿ ಆರಿಬಿಡುತ್ತದೆ. ತಿಂಗಳುಗಟ್ಟಲೆ ಕರೆಂಟಿಲ್ಲದಿದ್ದರೂ ಎದ್ದಾಗ ಬಿಟ್ಟಲ್ಲಿಂದಲೇ ಶುರು ಎಂದೆ. ಆ ಗುಂಡಿ ಮೇಲ್ನೋಟಕ್ಕೆ ಕಾಣುವುದಿಲ್ಲ. ಶಿಫ್ಟ್ ಒತ್ತಿ ಹಿಡಿದರೆ ‘ಸ್ಟ್ಯಾಂಡ್ ಬೈ’ ಇದ್ದ ಜಾಗದಲ್ಲಿ ಪ್ರತ್ಯಕ್ಷವಾಗುತ್ತದೆ. ಅಪ್ಪ ಯೋಚಿಸಿ, “ದೇವರೇ ಆಷಾಢದ ಏಕಾದಶಿಗೆ ಮಲಗಿ ಉತ್ಥಾನ ದ್ವಾದಶಿಗೆ ಏಳ್ತಾನೆ. ಶಾಸ್ತ್ರ ಇದೆ, ಅಡ್ಡಿಲ್ಲ” ಎಂದು ಒಪ್ಪಿದರು.

ನೋಡಿದರೆ ನಮ್ಮ ಮಾತಿಗೇ ಶಟ್ ಡೌನ್ ಒಗ್ಗುವುದಿಲ್ಲ. ದೇವರ ಮುಂದಿನ ದೀಪವನ್ನು ಅಮ್ಮ ‘ಆರಿಸು’ ಅನ್ನುವುದಿಲ್ಲ, ‘ದೊಡ್ಡದು ಮಾಡು’ ಅನ್ನುತ್ತಾಳೆ. ಬಸ್ಸಿಗೆ ಹೊರಟವನು ‘ಹೋಗ್ತೀನಿ’ ಅಂದರೆ ‘ಹೋಗಿಬರ್ತೀನಿ ಅನ್ನು’ ಎಂದು ತಿದ್ದುತ್ತಾಳೆ. ಕಂಪ್ಯೂಟರೂ ತಡವಾಗಿ ಇದನ್ನು ಕಲಿತಿದೆ. 2012ರಲ್ಲಿ ವಿಂಡೋಸ್ 8 ಬಂದಂದಿನಿಂದ ಸಾಮಾನ್ಯವಾಗಿ ಶಟ್ ಡೌನ್ ಒತ್ತಿದರೂ, ನಾವು ತೆರೆದದ್ದನ್ನೆಲ್ಲ ಮುಚ್ಚಿ, ಬೇಗ ಏಳುವುದಕ್ಕೆಂದು ತನ್ನ ತಿರುಳನ್ನು ಡಿಸ್ಕಿನಲ್ಲಿ ಬಚ್ಚಿಟ್ಟುಕೊಂಡೇ ಮಲಗುತ್ತದೆ. ಎಲ್ಲ ಮರೆತು ಹೊಸದಾಗಿ ಏಳಬೇಕೆಂದರೆ ರೀಸ್ಟಾರ್ಟೇ ಆಗಬೇಕು.

ಅಪ್ಪ ಹೋದ ಮೂರು ತಿಂಗಳಿಗೆ, ಅಡಿಕೆ ತೋಟದ ಲೆಕ್ಕ ಬೇಕಾಗಿ, ಮುಸುಕು ತೆಗೆದು ಸ್ವಿಚ್ಚು ಹಾಕಿದೆ. ‘ರೆಸ್ಯೂಮಿಂಗ್ ವಿಂಡೋಸ್’ ಎಂದಿತು. ಪರದೆಯ ಮೇಲೆ ಬಂದದ್ದು ಲೆಕ್ಕವಲ್ಲ, ಇಸ್ಪೀಟು! ಅರ್ಧ ಆಡಿಬಿಟ್ಟ ಸಾಲಿಟೇರ್. “ಲೆಕ್ಕ ಬರೀತಿದ್ದೀನಿ, ಯಾರೂ ಮಾತಾಡಿಸ್ಬೇಡಿ” ಎಂದು ಗದರುತ್ತಿದ್ದ ಅಪ್ಪನಿಗೆ ಶಿಫ್ಟ್ ಗುಂಡಿಯ ಗುಟ್ಟು ಯಾಕೆ ಅಷ್ಟು ಹಿಡಿಸಿತ್ತೆಂದು ಆಗ ತಿಳಿಯಿತು. ಆಟದ ಕೆಳಗೆ 214ಕ್ಕೆ ನಿಂತಿದ್ದ ಸೆಕೆಂಡುಗಳ ಎಣಿಕೆ 215, 216 ಎಂದು ನಡೆಯತೊಡಗಿತು. ನಡುವಿನ ಮೂರು ತಿಂಗಳು ಅದರ ಲೆಕ್ಕಕ್ಕೇ ಬಂದಿರಲಿಲ್ಲ.

ಹಿಂದೆ ನಿಂತಿದ್ದ ಅಮ್ಮ ಕನ್ನಡಕ ಸರಿಮಾಡಿಕೊಂಡು, “ಆ ಕೆಂಪು ಏಳನ್ನ ಕಪ್ಪು ಎಂಟರ ಮೇಲೆ ಇಡಬಹುದಿತ್ತು. ಅವರು ನೋಡಿಲ್ಲ” ಅಂದಳು.

ನನಗೆ ನಗು ಬಂತು. ಮೌಸಿಗೆ ಕೈಹಾಕಿದೆ.

“ಬೇಡ ಮಾರಾಯ, ಅವರ ಆಟ” ಅಂದಳು.

ನಾನು ಶಿಫ್ಟ್ ಒತ್ತಿ ಹಿಡಿದೆ.

ಆ ಕಂಪ್ಯೂಟರ್ ಈಗ ಅಟ್ಟದ ಮೇಲೆ, ಅದೇ ಮುಸುಕಿನೊಳಗಿದೆ. ಕೆಂಪು ಏಳು ಇನ್ನೂ ಇದ್ದಲ್ಲೇ ಇದೆ.