ನಮ್ಮನೆಯವರು ಫಾರೆಸ್ಟಿನಲ್ಲಿ

ನಿಮ್ಮ ಬೀದಿಯಲ್ಲಿ ಅರಣ್ಯ ಇಲಾಖೆಯವರ ಸಂಸಾರ ಯಾವುದಾದರೂ ಇದೆಯೇ? ಇದ್ದರೆ, ಆ ಮನೆಯಾಕೆಯನ್ನು ನೀವು ಮೊದಲು ಏನು ಕೇಳಿರುತ್ತೀರಿ ಅಂತ ನಾನು ಕೂತಲ್ಲೇ ಹೇಳಬಲ್ಲೆ. ‘ನಿಮಗೇನ್ರೀ, ಅಪ್ಪಟ ಜೇನುತುಪ್ಪ ಡಬ್ಬಗಟ್ಟಲೆ ಬರುತ್ತೆ, ಅಲ್ವಾ?’ ಎರಡನೆಯ ಪ್ರಶ್ನೆ ಸೌದೆಯದು. ಮೂರನೆಯದು ಸ್ವಲ್ಪ ಸಲುಗೆ ಬೆಳೆದ ಮೇಲೆ, ದನಿ ತಗ್ಗಿಸಿ: ‘ಪೂಜೆಗೆ ಒಂದ್ ತುಂಡು ಗಂಧ ಸಿಗುತ್ತೇನ್ರೀ?’

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದೇನೆ. ಜೇನುತುಪ್ಪವನ್ನು ಅಂಗಡಿಯಿಂದಲೇ ತಂದಿದ್ದೇನೆ. ದೇವರ ಮನೆಯಲ್ಲಿರುವ ಗಂಧದ ಕೊರಡಿಗೆ ರಸೀತಿ ಉಂಟು, ಅದನ್ನು ನಮ್ಮವರು ಬೀರುವಿನಲ್ಲಿ ಮನೆಯ ಪತ್ರಗಳ ಜೊತೆಗೇ ಇಟ್ಟಿದ್ದಾರೆ! ನಗಬೇಡಿ. ಇವರ ಸ್ವಭಾವವೇ ಹಾಗೆ.

ಇವರು 1988ರಲ್ಲಿ ಗಾರ್ಡಾಗಿ ಸೇರಿದವರು, 2022ರಲ್ಲಿ ಉಪ ವಲಯ ಅರಣ್ಯಾಧಿಕಾರಿಯಾಗಿ ನಿವೃತ್ತರಾದರು. ಈಗ ಗಾರ್ಡನ್ನು ‘ಗಸ್ತು ಅರಣ್ಯ ಪಾಲಕ’ ಅನ್ನುತ್ತಾರೆ. ಹೆಸರು ಬದಲಾಯಿತು, ನಡಿಗೆ ಮಾತ್ರ ಅಷ್ಟೇ ದೂರ. ಈಗ ಹೆಣ್ಣುಮಕ್ಕಳೂ ಈ ಕೆಲಸಕ್ಕೆ ಸೇರಿ ಖಾಕಿ ತೊಟ್ಟು ಕಾಡು ಸುತ್ತುತ್ತಾರೆ. ನೋಡಿದಾಗ ನನಗೆ ಹೆಮ್ಮೆ, ಜೊತೆಗೆ ಸಣ್ಣ ಹೊಟ್ಟೆಕಿಚ್ಚು. ನಮ್ಮ ಕಾಲದಲ್ಲಿ ಹೆಂಗಸಿನ ಪಾಲಿಗೆ ಬಂದದ್ದು ಕಿಟಕಿ ಹತ್ತಿರ ಕೂತು ಟಾರ್ಚಿನ ಬೆಳಕು ಕಾಯುವುದೊಂದೇ.

ಇವರ ಕೆಲಸ ಏನು ಅಂತ ಕೇಳಿದರೆ ಜನ ‘ಮರ ಕಾಯೋದು’ ಅನ್ನುತ್ತಾರೆ. ಮರವೂ ಹೌದು. ಆದರೆ ನಮ್ಮ ನಿದ್ದೆ ಕೆಡಿಸಿದ್ದು ಮರಕ್ಕಿಂತ ಹೆಚ್ಚಾಗಿ ಮಾಂಸ. 1972ರ ವನ್ಯಜೀವಿ ಕಾಯಿದೆ ‘ಬೇಟೆ’ ಎನ್ನುವುದು ಕೋವಿ ಹಿಡಿದು ಹೊಡೆಯುವುದನ್ನು ಮಾತ್ರ ಅಲ್ಲ. ಉರುಳು ಕಟ್ಟಿದರೂ ಬೇಟೆಯೇ, ವಿಷ ಇಟ್ಟರೂ ಬೇಟೆಯೇ, ಹಕ್ಕಿಗೂಡಿನಿಂದ ಮೊಟ್ಟೆ ತೆಗೆದರೂ ಬೇಟೆಯೇ. ಪ್ರಯತ್ನಪಟ್ಟು ಏನೂ ಸಿಗದೆ ಬರಿಗೈಲಿ ಬಂದರೂ ಅಪರಾಧವೇ. ಅಭಯಾರಣ್ಯದೊಳಗೆ ಮಾಡಿದರಂತೂ ಕಡಿಮೆ ಅಂದರೆ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು. 2022ರ ತಿದ್ದುಪಡಿ ಬಂದ ಮೇಲೆ ದಂಡವೂ 25,000 ರೂಪಾಯಿಗೆ ಕಡಿಮೆ ಇಲ್ಲ.

ಇದೆಲ್ಲ ಪುಸ್ತಕದಲ್ಲಿ. ಊರಿನಲ್ಲಿ ಬೇಟೆ ಅಂದರೆ ಬೇರೆ. ಮಲೆನಾಡಿನ ಓದುಗರಿಗೆ ನಾನು ಹೇಳಬೇಕಿಲ್ಲ. ಹಂದಿ ಬಿದ್ದರೆ ಊರಿಗೆಲ್ಲ ಪಾಲು. ಹೊಡೆದವನಿಗೊಂದು, ಸೋವಿಗೆ ಬಂದವರಿಗೊಂದು, ನಾಯಿ ತಂದವನಿಗೊಂದು. ಹೊಡೆದವನು ಕಳ್ಳನಲ್ಲ, ಗಟ್ಟಿಗ! ಅದಲ್ಲದೆ ಒಂದು ರಾತ್ರಿಯಲ್ಲಿ ಹಂದಿ ಹಿಂಡು ಗದ್ದೆಗೆ ನುಗ್ಗಿ ಹೊರಳಾಡಿದ್ದನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಬೆಳಿಗ್ಗೆ ಅಂಚಿನ ಮೇಲೆ ಕೂತು ತಲೆ ಮೇಲೆ ಕೈ ಹೊತ್ತ ಹೆಂಗಸಿಗೆ ಕಾಯಿದೆ ಹೇಳಲು ಬಾಯಿ ಬರುವುದಿಲ್ಲ.

ಆದರೆ ಇನ್ನೊಂದನ್ನೂ ನೋಡಿದ್ದೇನೆ. ಹಂದಿಗೆಂದು ಹಿಟ್ಟಿನಲ್ಲಿ ಸುತ್ತಿಟ್ಟ ಸಿಡಿಮದ್ದನ್ನು ಕಚ್ಚಿ ದವಡೆ ಹಾರಿಹೋದ ಗಬ್ಬದ ಹಸು. ಮದ್ದಿಗೆ ಹಂದಿ ಯಾವುದು, ಮನೆಯ ಗೌರಿ ಯಾವುದು ಅಂತ ಗೊತ್ತಾಗುತ್ತದೆಯೇ? ಬೈಕಿನ ಬ್ರೇಕ್ ತಂತಿಯ ಉರುಳೂ ಹಾಗೆಯೇ. ಕಟ್ಟಿದ್ದು ಹಂದಿಗೆ, ಸಿಕ್ಕಿಬಿದ್ದದ್ದು ಚಿರತೆ. ಸೊಂಟಕ್ಕೆ ಬಿಗಿದ ತಂತಿಯಲ್ಲಿ ಅದು ಇಡೀ ರಾತ್ರಿ ಒದ್ದಾಡಿತ್ತಂತೆ. ಅವತ್ತು ಇವರು ಊಟ ಬೇಡ ಅಂದರು. ಬಡಿಸಿದ್ದನ್ನು ನಾನೂ ಹಾಗೇ ಮುಚ್ಚಿಟ್ಟೆ.

ಈಗ ಆಷಾಢದ ಆ ರಾತ್ರಿಯ ವಿಷಯಕ್ಕೆ ಬರುತ್ತೇನೆ. ಊರಿನ ಹೆಸರು ಬೇಡ. 1998ನೇ ಇಸವಿ. ನಮಗೆ ಕ್ವಾರ್ಟರ್ಸ್ ಇದ್ದದ್ದು ಊರಂಚಿನಲ್ಲಿ, ಪಕ್ಕದ ಮನೆ ಅಂದರೆ ಒಂದು ಗದ್ದೆ ದಾಟಿ. ಆ ಮನೆಯ ಅಕ್ಕ ನನಗೆ ತಾಯಿ ಇದ್ದ ಹಾಗೆ ಇದ್ದರು. ನಾನು ಬಯಲುಸೀಮೆಯವಳು. ಕಡುಬಿನ ಹದ, ಕೆಸುವಿನ ಸೊಪ್ಪು ಬಾಯಿ ತುರಿಸದ ಹಾಗೆ ಬೇಯಿಸುವುದು, ಮಳೆಗಾಲದಲ್ಲಿ ಮಗುವಿನ ಬಟ್ಟೆ ಒಲೆಯ ಮೇಲೆ ಹರವಿ ಒಣಗಿಸುವುದು, ಎಲ್ಲ ಕಲಿಸಿದ್ದು ಅವರೇ. ನನ್ನ ಎರಡನೇ ಬಾಣಂತನಕ್ಕೆ ತವರಿನಿಂದ ಯಾರೂ ಬರಲಾಗದಿದ್ದಾಗ ನೀರು ಹಾಕಿದ್ದೂ ಆ ಕೈಯೇ. ಹಾಲು ಕೂಡ ಅವರ ಮನೆಯದೇ.

ಆ ರಾತ್ರಿ ಇವರು ಇಬ್ಬರು ವಾಚರುಗಳ ಜೊತೆ ಹೋಗಿ ಕಡವೆ ಮಾಂಸ ಹೊತ್ತು ಬರುತ್ತಿದ್ದ ಮೂರು ಜನರನ್ನು ಹಿಡಿದರು. ಒಬ್ಬ ಆ ಅಕ್ಕನ ತಮ್ಮ. ಮನೆಗೆ ಬರುತ್ತಿದ್ದ ಹುಡುಗ, ನನ್ನ ಕೈಯ ಕಾಫಿ ಕುಡಿದವನು.

ಬೆಳಗಿನ ಜಾವ ಅಕ್ಕ ಕಂಬಳಿಕೊಪ್ಪೆ ಹಾಕಿಕೊಂಡು ಬಂದರು. ಒಳಗೆ ಬರಲಿಲ್ಲ, ಹಿತ್ತಲ ಬಾಗಿಲಲ್ಲೇ ನಿಂತರು. ‘ಅವನ ಹೆಸರೊಂದು ಬಿಟ್ಬಿಡ್ಲಿ ಮಾರಾಯ್ತಿ. ಮುಂದಿನ ತಿಂಗಳು ಅವನ ನಿಶ್ಚಿತಾರ್ಥ. ಉಳಿದಿಬ್ರು ಇದಾರಲ್ಲ, ಸಾಕಲ್ಲ. ನೀ ಒಂದ್ ಮಾತ್ ಹೇಳು’ ಅಂದರು.

ನೀವೇ ಹೇಳಿ, ಏನು ಹೇಳುವುದು? ಒಳಗೆ ಇವರು ಮಹಜರು ಬರೆಯುತ್ತ ಕೂತಿದ್ದರು. ನಾನು ಹೋಗಿ ಕೇಳಿದ್ದರೆ ಇವರು ಒಪ್ಪುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಮೂವರಲ್ಲಿ ಉಳಿದಿಬ್ಬರು ಕೂಲಿಯವರು. ಅವರ ಪರವಾಗಿ ಹಿತ್ತಲ ಬಾಗಿಲಿಗೆ ಬಂದು ನಿಲ್ಲಲು ಯಾವ ಅಕ್ಕನೂ ಇರಲಿಲ್ಲ. ಅವರನ್ನು ಬರೆದು ಇವನನ್ನು ಬಿಡುವುದಾದರೆ ಕಾನೂನು ಅಂತ ಒಂದು ಯಾಕಿರಬೇಕು? ‘ಅಕ್ಕಾ, ನಿಮ್ಮ ಋಣ ನಾನು ತೀರಿಸೋಕೆ ಆಗಲ್ಲ. ಆದ್ರೆ ಇದನ್ನ ಮಾತ್ರ ಕೇಳ್ಬೇಡಿ’ ಅಂದೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಮಳೆಯಲ್ಲೇ ಗದ್ದೆ ಅಂಚಿನಲ್ಲಿ ವಾಪಸು ಹೋದರು.

ಅವತ್ತಿನಿಂದ ಹಾಲು ನಿಂತಿತು. ಮಗುವಿಗೆ ಎರಡು ಮೈಲಿ ದೂರದಿಂದ ಹಾಲು ತರಬೇಕಾಯಿತು. ಅಂಗಡಿಯವರು ಸಾಮಾನು ಕಟ್ಟಿಕೊಡುತ್ತಿದ್ದರು, ಮಾತಾಡುತ್ತಿರಲಿಲ್ಲ. ಗೌರಿ ಹಬ್ಬದಲ್ಲಿ ಅರಿಶಿನ ಕುಂಕುಮಕ್ಕೆ ಕರೆಯಲಿಲ್ಲ. ಅದೊಂದಕ್ಕೆ ಮಾತ್ರ ನಾನು ಅತ್ತದ್ದು. ಬೇರೆ ಊರಿಗೆ ವರ್ಗವಾಗುವವರೆಗೆ, ಒಂದು ವರ್ಷ ಎರಡು ತಿಂಗಳು, ಹೀಗೆಯೇ ಬಾಳಿದೆವು.

ಕೇಸು? ಅದು ಏಳು ವರ್ಷ ನಡೆಯಿತು. ಮಹಜರಿಗೆ ಸಹಿ ಹಾಕಿದ್ದ ಪಂಚರು ಕೋರ್ಟಿನಲ್ಲಿ ‘ನಮಗೇನೂ ಗೊತ್ತಿಲ್ಲ, ಖಾಲಿ ಹಾಳೆ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರು’ ಅಂದರು. ಅವರೂ ಅದೇ ಊರಿನಲ್ಲಿ ಬಾಳಬೇಕಲ್ಲ! ಪ್ರತಿ ವಾಯಿದೆಗೂ ಇವರು ಎಲ್ಲೇ ಇದ್ದರೂ ರಾತ್ರಿ ಬಸ್ಸು ಹತ್ತಿ ಸಾಕ್ಷಿ ಹೇಳಲು ಹೋಗುತ್ತಿದ್ದರು. ಕೊನೆಗೆ ಮೂವರೂ ಖುಲಾಸೆ. ಈಗಾದರೆ ಮಾಂಸದ ಚೂರನ್ನು ಹೈದರಾಬಾದಿನ ಪ್ರಯೋಗಾಲಯಕ್ಕೆ ಕಳಿಸಿದರೆ ಡಿಎನ್‌ಎ ನೋಡಿ ಇದು ಕಡವೆಯೋ ಕುರಿಯೋ ಹೇಳುತ್ತಾರೆ. ಚೂರು ಯಾವ ಪ್ರಾಣಿಯದು ಎಂಬುದಕ್ಕೆ ಯಾವ ಪಂಚರೂ ಬೇಕಿಲ್ಲ.

ಆ ಅಕ್ಕನನ್ನು ಆಮೇಲೆ ಒಮ್ಮೆ ಶಿವಮೊಗ್ಗದ ಮದುವೆಮನೆಯಲ್ಲಿ ನೋಡಿದೆ. ‘ಸಣ್ಣವಳು ಏನು ಓದ್ತಾಳೆ?’ ಅಂತ ಕೇಳಿದರು. ಹೇಳಿದೆ. ಎಲೆ ಹಾಕುವ ಗದ್ದಲದಲ್ಲಿ ಅಷ್ಟಕ್ಕೇ ಬೇರೆಯಾದೆವು.

ನಮ್ಮದು ಹಾಲು ಕುಂಕುಮದ ಕಷ್ಟ. ಇದಕ್ಕಿಂತ ದೊಡ್ಡ ಬೆಲೆ ತೆತ್ತವರಿದ್ದಾರೆ. ನನ್ನ ಮದುವೆಯಾದ ವರ್ಷವೇ, 1991ರ ನವೆಂಬರ್ 10ರಂದು, ಪಿ. ಶ್ರೀನಿವಾಸ್ ಎಂಬ ಅರಣ್ಯಾಧಿಕಾರಿಯನ್ನು ವೀರಪ್ಪನ್ ಕೊಂದ. ಶರಣಾಗುತ್ತೇನೆ ಎಂಬ ಮಾತು ನಂಬಿ ಆಯುಧವಿಲ್ಲದೆ ಹೋದವರು ಅವರು. ವೀರಪ್ಪನ್‌ನ ಸ್ವಂತ ಊರು ಗೋಪಿನಾಥಂನಲ್ಲಿ ಜನರಿಗಾಗಿ ಮಾರಿಯಮ್ಮನ ಗುಡಿ ಕಟ್ಟಿಸಿದ್ದರು. ಮರುವರ್ಷ ಸರ್ಕಾರ ಮರಣೋತ್ತರವಾಗಿ ಕೀರ್ತಿ ಚಕ್ರ ಕೊಟ್ಟಿತು. ಆ ಸುದ್ದಿ ಬಂದ ದಿನ ನಮ್ಮ ಕ್ವಾರ್ಟರ್ಸಿನ ಸಾಲಿನಲ್ಲಿ ಯಾರ ಮನೆಯ ರೇಡಿಯೋವನ್ನೂ ಆರಿಸಲಿಲ್ಲ, ಯಾರ ಮನೆಯ ಒಲೆಯೂ ಹೊತ್ತಿಗೆ ಸರಿಯಾಗಿ ಉರಿಯಲಿಲ್ಲ. ಈಗ ಪ್ರತಿ ಸೆಪ್ಟೆಂಬರ್ 11ರಂದು ಅರಣ್ಯ ಹುತಾತ್ಮರ ದಿನ ಅಂತ ಆಚರಿಸುತ್ತಾರೆ. ನಾಗರಹೊಳೆಯ ಕೆ. ಎಂ. ಚಿಣ್ಣಪ್ಪನವರ ಹೆಸರು ಕೇಳಿದ್ದೀರಲ್ಲ? ರೇಂಜರಾಗಿ ಕಳ್ಳಬೇಟೆಗಾರರಿಗೆ ಸಿಂಹಸ್ವಪ್ನವಾಗಿದ್ದವರು, 2024ರಲ್ಲಿ ತೀರಿಕೊಂಡರು. ಅವರ ಹೆಸರು ಬಂದರೆ ಇವರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ.

ಮೀನಿನ ವಿಷಯ ಬಿಟ್ಟರೆ ಕರಾವಳಿಯ ಓದುಗರು ನನ್ನನ್ನು ಬಿಡುವುದಿಲ್ಲ. ಅಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ದಡದಲ್ಲೇ ಇರಬೇಕು. ಮೀನು ಮೊಟ್ಟೆಯಿಡುವ ಕಾಲ ಅದು. ನಾಡದೋಣಿಗೆ ಮಾತ್ರ ವಿನಾಯಿತಿ. ಕಾಯುವವರು ಮೀನುಗಾರಿಕೆ ಇಲಾಖೆಯವರು ಮತ್ತು ಕರಾವಳಿ ಕಾವಲು ಪೊಲೀಸರು. ‘ಆ ಎರಡು ತಿಂಗಳು ಮೀನು ದುಬಾರಿ’ ಅಂತ ನಾವು ಗೊಣಗುತ್ತೇವೆ. ಮನೆಯಲ್ಲಿ ಗಬ್ಬದ ಹಸುವಿನ ಹಾಲು ಬತ್ತಿದಾಗ ಕಾಯುವುದಿಲ್ಲವೇ?

ಹೊಳೆಯ ಮೀನಿಗೆ ಅಷ್ಟು ಕಾವಲಿಲ್ಲ. ಹೊಳೆಗೆ ತೋಟೆ ಹೊಡೆಯುವುದು, ವಿಷ ಹಾಕುವುದು 1897ರಷ್ಟು ಹಿಂದೆಯೇ, ಬ್ರಿಟಿಷರ ಕಾಲದಲ್ಲೇ ನಿಷಿದ್ಧ. ಆದರೂ ಅಡಿಕೆಗೆ ತಂದ ಮೈಲುತುತ್ತು ಹೊಳೆಗೆ ಬೀಳುತ್ತದೆ. ಶಿಶಿಲದ ಕಪಿಲಾ ನದಿಯಲ್ಲಿ ದೇವರ ಮೀನುಗಳನ್ನು ನೋಡಿದ್ದೀರಾ? ಅಕ್ಕಿ ಎರಚಿದರೆ ಕಾಲಿನ ಹತ್ತಿರವೇ ಬರುತ್ತವೆ. 1996ರಲ್ಲಿ ಯಾರೋ ಅಲ್ಲಿಗೇ ವಿಷ ಹಾಕಿದರು. ಸತ್ತ ಮೀನುಗಳ ನೆನಪಿಗೆ ಅಲ್ಲಿ ಸ್ಮಾರಕವಿದೆ. ಮೀನಿಗೂ ಸ್ಮಾರಕ ಅಂತ ಮಕ್ಕಳಿಗೆ ಆಶ್ಚರ್ಯ. ಇನ್ನು ದೋಣಿಯ ಮಾತು: ಮನೆಮಂದಿಯೊಂದಿಗೆ ಹೋದಾಗ ‘ಸೀರೆ ಸುಕ್ಕಾಗುತ್ತೆ’ ಅಂತ ಲೈಫ್ ಜಾಕೆಟ್ ಬೇಡವೆನ್ನಬೇಡಿ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಹೋದರು.

ಇನ್ನು ನಿಮ್ಮ ಮನೆಯೊಳಕ್ಕೇ ಬರುತ್ತೇನೆ. 2023ರ ಅಕ್ಟೋಬರಿನಲ್ಲಿ ಟಿವಿ ಕಾರ್ಯಕ್ರಮವೊಂದರ ಸ್ಪರ್ಧಿ ಕತ್ತಿನಲ್ಲಿ ಹುಲಿಯುಗುರು ಹಾಕಿಕೊಂಡಿದ್ದಕ್ಕೆ ಬಂಧನವಾಯಿತಲ್ಲ, ಆ ವಾರ ನಮ್ಮ ಮನೆಗೆ ಬಂದ ನೆಂಟರಿಷ್ಟರನ್ನು ನೋಡಬೇಕಿತ್ತು! ಎಲ್ಲರೂ ಕತ್ತಲಾದ ಮೇಲೆ ಬಂದರು. ಎಲ್ಲರ ಕೈಯಲ್ಲೂ ಕರವಸ್ತ್ರದ ಗಂಟು. ‘ಅಜ್ಜನ ಕಾಲದ್ದು ಕಣ್ರೀ, ಮಗೂಗೆ ದೃಷ್ಟಿಯಾಗದಿರಲಿ ಅಂತ.’ ಒಬ್ಬರು ಮೂರು ತಲೆಮಾರು ಪೂಜೆ ಮಾಡಿದ್ದ ಉಗುರನ್ನು ಇವರು ಕನ್ನಡಕ ಹಾಕಿ ನೋಡಿ ‘ಇದು ಹಸುವಿನ ಕೊಂಬು ಇದ್ದ ಹಾಗಿದೆ’ ಅಂದಾಗ ಅವರಿಗೆ ನೆಮ್ಮದಿಯೂ ಆಯಿತು, ಅವಮಾನವೂ ಆಯಿತು. ನಿಜವಾದದ್ದಾದರೆ, ಹಳೆಯದಾದರೂ, ಒಡೆತನದ ಪ್ರಮಾಣಪತ್ರ ಬೇಕು. ಘೋಷಿಸಿಕೊಳ್ಳಲು 2003ರಲ್ಲಿ ಸರ್ಕಾರ 180 ದಿನ ಕೊಟ್ಟಿತ್ತು. ಜಿಂಕೆ ಕೊಂಬು, ಕೂತು ಧ್ಯಾನ ಮಾಡುವ ಚರ್ಮ, ಎಲ್ಲಕ್ಕೂ ಇದೇ ಮಾತು. ನವಿಲು ತಾನಾಗಿ ಉದುರಿಸಿದ ಗರಿ ಮನೆಯಲ್ಲಿದ್ದರೆ ಹೆದರಬೇಡಿ. ಆದರೆ ಪಂಜರದಲ್ಲಿ ‘ರಾಮ ರಾಮ’ ಅನ್ನುವ ನಮ್ಮ ಹಸಿರು ಗಿಳಿಯನ್ನು ಸಾಕುವಂತಿಲ್ಲ. ಅಂಗಡಿಯ ಲವ್ ಬರ್ಡ್ಸ್ ಪರದೇಶದ್ದು, ಅದರ ಮಾತು ಬೇರೆ. ಅದೃಷ್ಟ ಬರುತ್ತೆ ಅಂತ ನಕ್ಷತ್ರ ಆಮೆ ತಂದು ತೊಟ್ಟಿಯಲ್ಲಿ ಬಿಡುವವರಿಗೂ ಬರುವುದು ಇಲಾಖೆಯ ಜೀಪೇ.

ಕೊನೆಯದಾಗಿ ವಾಚರುಗಳ ಮಾತು. ಹುಲಿ ಕಾಡುಗಳಲ್ಲಿ ಕಳ್ಳಬೇಟೆ ತಡೆ ಶಿಬಿರ ಅಂತ ಇರುತ್ತವೆ. ಒಂದು ಸಣ್ಣ ಮನೆ, ಆನೆ ಬಾರದಂತೆ ಸುತ್ತ ಕಂದಕ, ಒಳಗೆ ನಾಲ್ಕೈದು ಜನ. ಬೆಳಿಗ್ಗೆ ಸಂಜೆ ಕಾಲ್ನಡಿಗೆಯ ಗಸ್ತು. ಎಷ್ಟೋ ಜನ ಕಾಡಂಚಿನ ಹಾಡಿಯ ಹುಡುಗರು, ಕಾಯಂ ನೌಕರರಲ್ಲ. ಇವರು ಅಲ್ಲಿದ್ದಾಗ ಪ್ರತಿ ಸಲ ನಾನು ಕಟ್ಟಿಕೊಡುತ್ತಿದ್ದದ್ದು ಹುರುಳಿ ಚಟ್ನಿಪುಡಿ. ಕಾಯಿ, ಕೊಬ್ಬರಿ ಯಾವುದೂ ಇಲ್ಲ, ಮಳೆಗಾಲದಲ್ಲಿ ಅವು ಮುಗ್ಗುತ್ತವೆ. ಒಂದು ಪಾವು ಹುರುಳಿ ಸಣ್ಣ ಉರಿಯಲ್ಲಿ ಪಟಪಟ ಅನ್ನುವವರೆಗೆ ಹುರಿಯಿರಿ. ಹದಿನೈದು ಬ್ಯಾಡಗಿ ಮೆಣಸಿನಕಾಯಿ, ಒಂದು ಚಮಚ ಜೀರಿಗೆ, ಗರಿಗರಿಯಾಗಿ ಹುರಿದ ಎರಡು ಹಿಡಿ ಕರಿಬೇವು, ಇಂಗು. ನಿಂಬೆಗಾತ್ರದ ಹುಣಿಸೆಯನ್ನು ಬಿಡಿಸಿ ಬಾಣಲೆಯಲ್ಲಿ ಬಾಡಿಸಿ ಪಸೆ ತೆಗೆಯಿರಿ. ಉಪ್ಪು ಸೇರಿಸಿ, ಎಲ್ಲ ಆರಿದ ಮೇಲೆ ತರಿಯಾಗಿ ಪುಡಿ ಮಾಡಿ. ಒಣಗಿದ ಸ್ಟೀಲ್ ಡಬ್ಬಿಯಲ್ಲಿ ಒತ್ತಿ ತುಂಬಿದರೆ ತಿಂಗಳು ಕೆಡುವುದಿಲ್ಲ. ಬಿಸಿ ಅನ್ನಕ್ಕೆ ಪುಡಿ, ಮೇಲೊಂದು ಚಮಚ ಎಣ್ಣೆ, ಐದು ಜನಕ್ಕೆ ಹದಿನೈದು ದಿನ ಬರುತ್ತಿತ್ತು. ಒದ್ದೆ ಚಮಚ ಮಾತ್ರ ಹಾಕಬೇಡಿ.